ಎರಡು ಕೊಡ ನೀರಿನ ತೋಟ

ಕೇಳಿಸಿತೇ? ನಳ ಕೆಮ್ಮುತ್ತಿದೆ.

ನಸುಕಿನ ನಾಲ್ಕು ಗಂಟೆ. ವಿಜಯಪುರದ ನಿಮ್ಮ ಓಣಿಯಲ್ಲಿ ಇನ್ನೂ ಒಂದು ದೀಪವೂ ಹತ್ತಿಲ್ಲ. ಮೊದಲು ಬರುವುದು ನೀರಲ್ಲ, ಗಾಳಿ. ಕೊಳವೆಯ ಗಂಟಲಲ್ಲಿ ಖರ್ ಖರ್ ಸದ್ದು, ಹಿಂದೆಯೇ ಒಂದು ಬಿಕ್ಕಳಿಕೆ, ಆಮೇಲೆ ಬಕೆಟಿನ ತಳಕ್ಕೆ ಬಡಿಯುವ ಮೊದಲ ಧಾರೆ. ನೀವು ಎದ್ದು ಬರುವಷ್ಟರಲ್ಲಿ ಆಚೆ ಮನೆಯ ಕೊಡಗಳೂ ಗಲಗಲ ಎನ್ನುತ್ತವೆ. ಕೊಲ್ಹಾರದ ಹತ್ತಿರ ಕೃಷ್ಣಾ ನದಿಯಿಂದ ಎತ್ತಿದ ನೀರು ಇಷ್ಟು ದೂರ ಬಂದು ನಿಮ್ಮ ಅಂಗೈ ಮುಟ್ಟುತ್ತಿದೆ. ತಣ್ಣಗಿದೆ. ಬ್ಯಾರಲ್ ತುಂಬಿತು, ಕೊಡಗಳು ತುಂಬಿದವು, ಕೊನೆಗೆ ಚೊಂಬು, ಪಾತೇಲಿ ಕೂಡ. ಸೊಂಟ ಹಿಡಿದಿದೆ, ಸೀರೆಯ ನೆರಿಗೆಯೋ ಲುಂಗಿಯ ಅಂಚೋ ಒದ್ದೆಯಾಗಿ ಕಾಲಿಗೆ ಅಂಟಿದೆ.

ಈಗ ಮಾಳಿಗೆ ಹತ್ತಿ. ಸೆಪ್ಟೆಂಬರಿನ ಕೊನೆಯ ವಾರ, ಉತ್ತರಿ ಮಳೆ ಮುಗಿಯುವ ಹೊತ್ತು. ಮೂಡಣದಲ್ಲಿ ಬೆಳಕು ಒಡೆಯುವ ಮೊದಲೇ ಗೋಳಗುಮ್ಮಟ ಕಪ್ಪು ಗುಂಡಾಗಿ ಎದ್ದು ನಿಂತಿದೆ. ನಿಮ್ಮ ಮುಂದೆ ಖಾಲಿ ಸಿಮೆಂಟ್ ನೆಲ. ಇಲ್ಲಿ ಮೆಂತ್ಯೆ, ಅಲ್ಲಿ ಟೊಮೆಟೊ, ಆ ಮೂಲೆಗೆ ಹೀರೆಬಳ್ಳಿ ಎಂದು ಮನಸ್ಸು ಆಗಲೇ ಬಿತ್ತತೊಡಗಿದೆ. ನಿನ್ನೆ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರುಕಟ್ಟೆಯಲ್ಲಿ ಬಾಡಿದ ಕೊತ್ತಂಬರಿ ಕಟ್ಟನ್ನು ಕೈಯಲ್ಲಿ ಹಿಡಿದಾಗಲೇ ನೀವು ತೀರ್ಮಾನಿಸಿಬಿಟ್ಟಿದ್ದೀರಿ: ಈ ವರ್ಷ ಒಂದಿಷ್ಟಾದರೂ ನಮ್ಮ ಕೈಯಿಂದ ಬೆಳೆದು ಉಣ್ಣಬೇಕು.

ಒಂದು ನಿಮಿಷ ನಿಲ್ಲಿ. ಕುಂಡ ಕೊಳ್ಳಲು ಓಡಬೇಡಿ. ಈ ಊರಿನಲ್ಲಿ ತೋಟ ಬೀಜದಿಂದ ಶುರುವಾಗುವುದಿಲ್ಲ.

ಕೆಳಗಿಳಿದು ಅಡುಗೆಮನೆಗೆ ಬನ್ನಿ. ಮನೆಯವರು ಬೇಳೆ ತೊಳೆದು ನೀರನ್ನು ಮೋರಿಗೆ ಚೆಲ್ಲಲು ಕೈ ಎತ್ತಿದ್ದಾರೆ. ಆ ಕೈ ಹಿಡಿಯಿರಿ. ಒಂದು ಖಾಲಿ ಕೊಡವನ್ನು ಮೋರಿಯ ಪಕ್ಕಕ್ಕೆ ಇಡಿ. ಅಕ್ಕಿ, ಬೇಳೆ, ಪಲ್ಯ ತೊಳೆದ ನೀರು, ಸೋಪಿಲ್ಲದೆ ಕೈ ತೊಳೆದ ನೀರು ಎಲ್ಲವೂ ಅದಕ್ಕೇ ಬೀಳಲಿ. ಬಾಂಡೆ ತಿಕ್ಕಿದ ಸೋಪಿನ ನೀರು ಬೇಡ. ನೀರು ಶುದ್ಧಮಾಡುವ ಯಂತ್ರ ಹೊರಗೆ ಬಿಡುವ ನೀರಂತೂ ಬೇಡವೇ ಬೇಡ. ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲ ಅದರಲ್ಲೇ ಇರುತ್ತದೆ. ಸಂಜೆ ಕೊಡ ನೋಡಿ. ಮರುದಿನವೂ ನೋಡಿ. ನಾಲ್ಕು ಜನರ ನಿಮ್ಮ ಮನೆಯಲ್ಲಿ ಒಂದು ವಾರ ಅಳೆದ ಮೇಲೆ ಲೆಕ್ಕ ಸಿಗುತ್ತದೆ: ದಿನಕ್ಕೆ ಹೆಚ್ಚುಕಡಿಮೆ ಎರಡು ಕೊಡ, ಅಂದರೆ 25 ಲೀಟರ್. ಕುಂಡದ ಬದಲು ಬಣ್ಣ ಖಾಲಿಯಾದ ಡಬ್ಬಿ ಸಾಕು. ಅಂಥ ಒಂದು ಡಬ್ಬಿಯ ಗಿಡ ಚಳಿಗಾಲದಲ್ಲಿ ಅರ್ಧ ಲೀಟರಿಗೆ ಸುಮ್ಮನಾದೀತು, ಏಪ್ರಿಲ್‌ನಲ್ಲಿ ಎರಡು ಲೀಟರ್ ಕೇಳುತ್ತದೆ. ಚಳಿಗಾಲದ ಲೆಕ್ಕ ನಂಬಬೇಡಿ. ಏಪ್ರಿಲ್ಲಿನ ಲೆಕ್ಕ ಹಿಡಿಯಿರಿ. 25ನ್ನು ಎರಡರಿಂದ ಭಾಗಿಸಿದರೆ ಹನ್ನೆರಡೂವರೆ.

ಹನ್ನೆರಡು ಡಬ್ಬಿ. ಹದಿಮೂರನೆಯದು ಬೇಡ.

ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಸೀಮೆ ಇದು. ಆ ಮಳೆಯಲ್ಲೂ ದೊಡ್ಡ ಪಾಲು ಸೆಪ್ಟೆಂಬರಿನದು. ಇಲ್ಲಿಯ ರೈತರು ಬಿಳಿಜೋಳ, ಕಡಲೆ ಬಿತ್ತುವುದು ಹಿಂಗಾರಿಯಲ್ಲಿ. ಎರಿ ಭೂಮಿ ತುಂಬ ಕುಡಿದು ಕೂತ ತೇವದ ಮೇಲೆ, ತಂಪು ಹವೆಯಲ್ಲಿ ಬೆಳೆ ಎದ್ದು ಬರುತ್ತದೆ. ನೀವೂ ಅದೇ ದಾರಿ ಹಿಡಿದಿದ್ದೀರಿ. ಯುಗಾದಿಯ ಉತ್ಸಾಹದಲ್ಲಿ ಬೀಜ ಊರಿ ಮೇ ತಿಂಗಳಲ್ಲಿ ಒಣಕಡ್ಡಿ ಕಿತ್ತವರನ್ನು ನಾನು ಬಹಳ ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರು ಮತ್ತೆ ಡಬ್ಬಿ ಮುಟ್ಟಿಲ್ಲ. ಆ ನೋವು ನಿಮಗೆ ಬೇಡ.

ಅಕ್ಟೋಬರಿನ ಮೊದಲ ರವಿವಾರ. ಅಥಣಿ ರಸ್ತೆಯ ಬಸ್ಸು ನಿಮ್ಮನ್ನು ತಿಕೋಟಾದಲ್ಲಿ ಇಳಿಸುತ್ತದೆ. ಸೋದರಮಾವನ ದ್ರಾಕ್ಷಿ ತೋಟಕ್ಕೆ ಕಾಲಿಟ್ಟೊಡನೆ ಸದ್ದು: ಚಕ್, ಚಕ್, ಚಕ್. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ನಡೆದಿದೆ. ಎಲೆಗಳಿಂದ ತುಂಬಿದ್ದ ಚಪ್ಪರ ಕತ್ತರಿ ಹಾದುಹೋದಲ್ಲೆಲ್ಲ ಬೋಳಾಗುತ್ತಿದೆ. ನಿಮ್ಮ ಹೆಗಲ ಮೇಲೆ ಒಂದು ಕಡ್ಡಿ ಬೀಳುತ್ತದೆ. ಕೊಯ್ದ ತುದಿಯಲ್ಲಿ ನೀರು ಜಿನುಗುತ್ತಿದೆ, ಕಣ್ಣೀರಿನಷ್ಟೇ ತೆಳುವಾಗಿ. ಮುಟ್ಟಿದರೆ ಬೆರಳು ಒದ್ದೆ. ಹೊಟ್ಟೆಯಲ್ಲಿ ಏನೋ ಕಿವುಚಿದಂತಾಗಿ ನೀವು ಕೇಳಿಬಿಡುತ್ತೀರಿ, ಇಷ್ಟು ಚಂದದ ಬಳ್ಳಿಗೆ ಯಾಕೆ ಇಷ್ಟು ಕತ್ತರಿ?

ಮಾವ ಕತ್ತರಿ ನಿಲ್ಲಿಸುವುದಿಲ್ಲ. ‘ಕಣ್ಣ ಎಷ್ಟ ಬಿಡತೀವೋ ಅಷ್ಟ ಬಾಯಿ ಬಿಟ್ಟಂಗ. ಎಲ್ಲಾ ಬಾಯಿಗೂ ನೀರ ಎಲ್ಲಿಂದ ತರೂದು?’

ಕಡ್ಡಿಯ ಮೇಲೆ ಉಳಿಸುವ ಮೊಗ್ಗಿಗೆ ಇಲ್ಲಿ ಕಣ್ಣು ಎನ್ನುತ್ತಾರೆ. ಅದು ಚಿಗುರಿ, ಹೂವಾಗಿ, ಫೆಬ್ರುವರಿ–ಮಾರ್ಚ್ ಹೊತ್ತಿಗೆ ಗೊನೆಯಾಗಿ, ಒಣದ್ರಾಕ್ಷಿಯ ಶೆಡ್ಡು ಸೇರಬೇಕು. ತೋಟದ ತುದಿಯಲ್ಲಿ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ ಕಾಣುತ್ತಿದೆ. ಒಂದು ಬರಗಾಲದಲ್ಲಿ ಟ್ಯಾಂಕರ್ ನೀರು ಕೊಂಡು ಹೊಯ್ದ ಕಥೆಯನ್ನು ಮಾವ ಎರಡೇ ಮಾತಿನಲ್ಲಿ ಹೇಳುತ್ತಾರೆ. ‘ಅರ್ಧಾ ಬಳ್ಳಿ ಕೈಬಿಟ್ಟೆ. ಅದಕ್ಕ ಅರ್ಧಾ ಉಳದ್ವು.’ ಹೇಳುವಾಗ ಅವರು ನಿಮ್ಮ ಮುಖ ನೋಡುವುದಿಲ್ಲ. ಮಾವನ ಈ ಮಾತುಗಳನ್ನೆಲ್ಲ ಜೇಬಿನಲ್ಲಿ ಇಟ್ಟುಕೊಳ್ಳಿ.

ಅಲ್ಲಿಂದ ಬಬಲೇಶ್ವರ. ದೊಡ್ಡವ್ವನ ಹಿತ್ತಲಲ್ಲಿ ಮಧ್ಯಾಹ್ನದ ಬಿಸಿಲು ಇಳಿದಿದೆ. ಬಚ್ಚಲ ನೀರು ಹರಿದು ಹೋಗುವ ಕಡೆ ಬಾಳೆ, ಬೇಲಿಯ ಮೇಲೆ ಹೀರೆಬಳ್ಳಿ, ಕಲ್ಲು ಕಟ್ಟಿದ ಸಣ್ಣ ಮಡಿಯಲ್ಲಿ ಪುಂಡಿ, ರಾಜಗಿರಿ, ಮುಳಗಾಯಿ ಎನ್ನುವ ಬದನೆ. ಯಾವುದಕ್ಕೂ ಇಲ್ಲಿ ತೋಟ ಎಂಬ ಹೆಸರಿಲ್ಲ. ನೀವು ತಂದ ಖಾಲಿ ಚೀಲ ನೋಡಿ ದೊಡ್ಡವ್ವ ತಿಪ್ಪೆಯ ಹತ್ತಿರ ಕರೆದೊಯ್ಯುತ್ತಾಳೆ. ಮೇಲಿನದನ್ನು ಒಂದು ಹಿಡಿ ತೆಗೆದು ನಿಮ್ಮ ಮೂಗಿಗೆ ಹಿಡಿಯುತ್ತಾಳೆ. ಕಣ್ಣಿಗೆ ಕಾರ ಹತ್ತಿದಂತೆ ಘಾಟು. ಆಮೇಲೆ ಸಲಿಕೆ ಹಾಕಿ ಅಡಿಯಿಂದ ಒಂದು ಹಿಡಿ. ಕಪ್ಪಗೆ, ಪುಡಿಪುಡಿಯಾಗಿ, ಮೊದಲ ಮಳೆ ಬಿದ್ದ ನೆಲದ ವಾಸನೆ.

‘ಘಾಟ ಹೊಡದ್ರ ಇನ್ನೂ ಕಳತಿಲ್ಲ. ಅದನ್ನ ಹಾಕಿದ್ರ ಬೇರ ಸುಡತಾವ, ಗೊಣ್ಣಿಹುಳಾನೂ ಬರತಾವ.’

ಅಡಿಯ ಗೊಬ್ಬರವನ್ನೇ ಒಂದು ಚೀಲ ತುಂಬುತ್ತೀರಿ. ಆಮೇಲೆ ಮಣ್ಣು. ಡೋಣಿ ನದಿ ಹರಿದರೆ ಓಣಿಯೆಲ್ಲ ಕಾಳು ಎನ್ನುವ ಸೀಮೆಯ ಮಣ್ಣು ಇದು, ಕಾಡಿಗೆಯಷ್ಟು ಕಪ್ಪು. ನಿಮಗೆ ಆಸೆ: ಡಬ್ಬಿಗೆಲ್ಲ ಇದನ್ನೇ ತುಂಬಬೇಕು. ದೊಡ್ಡವ್ವ ಒಂದು ಹೆಂಟೆಯನ್ನು ನಿಮ್ಮ ಕೈಗಿಟ್ಟು ಒಡೆಯಲು ಹೇಳುತ್ತಾಳೆ. ಒಡೆಯುವುದಿಲ್ಲ. ನೀರು ಚಿಮುಕಿಸಿ ನಾದಲು ಹೇಳುತ್ತಾಳೆ. ಮಣ್ಣು ಬೆರಳಿಗೆ ಅಂಟಿ, ಉಗುರಿನೊಳಗೆ ಸೇರಿ, ಬಿಡುವುದೇ ಇಲ್ಲ. ಎರಿ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಹೊಲದಲ್ಲಿ ಆಳಕ್ಕೆ ಜಾಗವಿದೆ, ಅದು ಅದರ ಗುಣ. ಡಬ್ಬಿಯಲ್ಲಿ ಅದೇ ಗುಣ ಬೇರಿನ ಕತ್ತು ಹಿಸುಕುತ್ತದೆ. ಹಾಗಾಗಿ ಒಂದು ಬುಟ್ಟಿ ಎರಿ, ಒಂದು ಬುಟ್ಟಿ ಮಸಾರಿ ಇಲ್ಲವೇ ಉಸುಕು, ಒಂದು ಬುಟ್ಟಿ ಕಳಿತ ಗೊಬ್ಬರ. ಹೊರಡುವಾಗ ಅವಳು ಬೂದಿ ಸವರಿದ ಬೀಜದ ಗಂಟು ಬಿಚ್ಚಿ ಒಂದೊಂದು ಚಿಟಿಕೆ ಕಾಗದಕ್ಕೆ ಕಟ್ಟಿಕೊಡುತ್ತಾಳೆ. ಒದ್ದೆ ಬಟ್ಟೆಯಲ್ಲಿ ಸುತ್ತಿದ ನಾಲ್ಕು ಮುಳಗಾಯಿ ಅಗಿ, ಅಂದರೆ ಸಸಿ, ನಿಮ್ಮ ತೊಡೆಯ ಮೇಲೆ ಕೂತು ಬಸ್ಸಿನಲ್ಲಿ ಬರುತ್ತವೆ. ಪ್ರತಿ ಗುಂಡಿಗೂ ನಿಮ್ಮ ಅಂಗೈ ಅವುಗಳಿಗೆ ಅಡ್ಡ ಹೋಗುತ್ತದೆ.

ಮರುದಿನ ಸಂಜೆ ಮಾಳಿಗೆಯ ಮೇಲೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಒಲೆಯಲ್ಲಿ ಕೆಂಪಗೆ ಕಾಸಿದ ಕಬ್ಬಿಣದ ಸರಳಿನಿಂದ ಬಣ್ಣದ ಡಬ್ಬಿಗಳ ತಳಕ್ಕೆ ತೂತು ಕೊರೆಯುತ್ತಿದ್ದೀರಿ. ಒಂದಕ್ಕೆ ಐದು ತೂತು. ಚುಂಯ್ ಎನ್ನುತ್ತದೆ, ಹೊಗೆ ಕಣ್ಣಿಗೆ ಬರುತ್ತದೆ. ಏಳನೆಯ ಡಬ್ಬಿಗೆ ಹೆಬ್ಬೆರಳು ಸುಟ್ಟುಕೊಂಡಿದ್ದೀರಿ. ಹತ್ತು ಮುಗಿಯುವಷ್ಟರಲ್ಲಿ ಕತ್ತಲಾಗಿದೆ, ಸರಳು ಆರಿದೆ, ಮೆಟ್ಟಿಲು ಇಳಿದು ಮತ್ತೆ ಕಾಸಿ ತರಬೇಕು. ಇನ್ನು ಎರಡೇ ಉಳಿದಿವೆ. ಅಗಿ ಬಾಡುತ್ತಿವೆ. ನಾಳೆ ಮಾಡಿದರಾಯಿತು ಎಂದು ಆ ಎರಡಕ್ಕೆ ತೂತಿಲ್ಲದೆಯೇ ಮಣ್ಣು ತುಂಬಿ ಅಗಿ ನೆಡುತ್ತೀರಿ. ನಾನು ಪಕ್ಕದಲ್ಲೇ ಇದ್ದೇನೆ. ನಿಮ್ಮ ಬೆರಳು ಉರಿಯುವುದು ನೋಡಿ ಸುಮ್ಮನಿದ್ದೇನೆ.

ಡಬ್ಬಿಗಳನ್ನು ಮಾಳಿಗೆಯ ನಡುವೆ ಗುಂಪುಮಾಡದೆ ಗೋಡೆಯ ಮೇಲೆಯೇ ಭಾರ ಬೀಳುವಂತೆ ಅಂಚಿನುದ್ದಕ್ಕೂ ಇಟ್ಟಿದ್ದೀರಿ. ಒಳ್ಳೆಯದು ಮಾಡಿದಿರಿ. ಒದ್ದೆ ಮಣ್ಣಿನ ದೊಡ್ಡ ಡಬ್ಬಿಯನ್ನು ಎತ್ತಲು ಒಬ್ಬರಿಗೆ ಕಷ್ಟ. ಇಟ್ಟಿಗೆಯ ಎರಡು ತುಂಡು ಅಡಿಗೆ ಕೊಟ್ಟರೆ ನೀರು ಹರಿದು ಹೋಗುತ್ತದೆ, ಚಾವಣಿ ನೆನೆಯುವುದಿಲ್ಲ. ಹಳೆಯ ಮಣ್ಣಿನ ಮಾಳಿಗೆಯ ಮನೆಯಾಗಿದ್ದರೆ ಮೇಲೆ ಒಂದು ಡಬ್ಬಿಯನ್ನೂ ಇಡಗೊಡುತ್ತಿರಲಿಲ್ಲ, ಅಂಗಳಕ್ಕೇ ಇಳಿಸುತ್ತಿದ್ದೆ.

ಎರಡನೆಯ ರಾತ್ರಿ. ಎಷ್ಟು ಹೊತ್ತೋ, ಬಾಗಿಲು ದಡಾರ್ ಎಂದು ಬಡಿದು ಎಚ್ಚರವಾಗುತ್ತದೆ. ಗಾಳಿ. ಆಮೇಲೆ ಮಳೆ ಬರುವುದಿಲ್ಲ, ಸುರಿಯುತ್ತದೆ. ಹಸ್ತಾ ಮಳೆ. ತಗಡಿನ ಮೇಲೆ ಕಲ್ಲು ಸುರಿದ ಸದ್ದು. ಕತ್ತಲಲ್ಲಿ ಮಲಗಿದ ನಿಮ್ಮ ಎದೆ ಒಂದೇ ಮಾತು ಬಡಿಯುತ್ತಿದೆ: ತೂತಿಲ್ಲ. ತೂತಿಲ್ಲ.

ಎದ್ದಿದ್ದೀರಿ. ಮೆಟ್ಟಿಲು ಜಾರುತ್ತದೆ, ಗೋಡೆ ಹಿಡಿಯುತ್ತೀರಿ. ಮೇಲೆ ಬಂದೊಡನೆ ನೀರು ಮುಖಕ್ಕೆ ಹೊಡೆದು ಉಸಿರು ಸಿಕ್ಕಿಕೊಳ್ಳುತ್ತದೆ. ಮಿಂಚು. ಒಂದು ಕ್ಷಣ ಎಲ್ಲವೂ ಬೆಳ್ಳಗೆ: ಹತ್ತು ಡಬ್ಬಿಗಳ ತಳದಿಂದ ಕಂದು ನೀರು ಹರಿಯುತ್ತಿದೆ, ಎರಡು ಡಬ್ಬಿ ಬಾವಿಯಂತೆ ತುಂಬಿವೆ. ಅಗಿಯ ತುದಿಯಷ್ಟೇ ಮೇಲಿದೆ. ಮತ್ತೆ ಕತ್ತಲು. ಒಂದನ್ನು ಬಾಗಿಸಲು ನೋಡುತ್ತೀರಿ, ಜಗ್ಗುವುದಿಲ್ಲ. ಮೊಣಕಾಲೂರಿ ಭುಜ ಕೊಡುತ್ತೀರಿ. ಗುಡುಗು ಎದೆಯೊಳಗೇ ಒಡೆದಂತೆ. ಜಾರಿತು. ಡಬ್ಬಿ ಉರುಳಿತು, ಮಣ್ಣು ಕೆಸರಾಗಿ ನೆಲಕ್ಕೆ ಹರಡಿತು, ಕೈಯಾಡಿಸಿದರೆ ಅಗಿಯ ಕತ್ತು ಮುರಿದಿದೆ. ಇನ್ನೊಂದು? ಬೇಡ, ಎತ್ತಬೇಡಿ. ಸರಳು ಎಲ್ಲಿ? ಗೋಡೆಯ ಮೂಲೆಯಲ್ಲಿ. ತಣ್ಣಗಿದ್ದರೂ ತುದಿ ಚೂಪಾಗಿದೆ. ಡಬ್ಬಿಯ ಬುಡಕ್ಕೆ ಇಟ್ಟು ಕಲ್ಲಿನಿಂದ ಹೊಡೆಯಿರಿ. ಇನ್ನೊಮ್ಮೆ. ಇನ್ನೊಮ್ಮೆ. ಪ್ಲಾಸ್ಟಿಕ್ ಸೀಳುತ್ತದೆ, ಬೆಚ್ಚಗಿನ ಕೆಸರು ನೀರು ನಿಮ್ಮ ಪಾದದ ಮೇಲೆ ಹರಿಯುತ್ತದೆ.

ಹನ್ನೊಂದು.

ನಾಲ್ಕನೆಯ ದಿನ ಮೆಂತ್ಯೆ ಎದ್ದಿದೆ. ಅಡುಗೆಮನೆಯ ಡಬ್ಬಿಯಿಂದಲೇ ಒಂದು ಹಿಡಿ ತೆಗೆದು ದಟ್ಟವಾಗಿ ಚೆಲ್ಲಿದ್ದು. ಮಣ್ಣನ್ನು ತಲೆಯ ಮೇಲೆ ಹೊತ್ತುಕೊಂಡೇ ಒಂದೊಂದು ಮೊಳಕೆ ಬಗ್ಗಿ ನಿಂತಿದೆ. ಕೊತ್ತಂಬರಿ ಇನ್ನೂ ಮಲಗಿದೆ. ಕಾಳನ್ನು ಉಜ್ಜಿ ಎರಡು ಹೋಳು ಮಾಡಿ ಹಾಕಿದರೂ ಅದಕ್ಕೆ ಎಂಟು ಹತ್ತು ದಿನ ಬೇಕು. ರಾಜಗಿರಿ ಬೀಜವನ್ನು ಉಸುಕಿನೊಡನೆ ಬೆರೆಸಿ ಚೆಲ್ಲಿದ್ದು ಕೆಂಪು ದಾರದಂತೆ ಹೊರಟಿದೆ. ನೀವು ದಿನಕ್ಕೆ ಏಳು ಸಲ ಮೇಲೆ ಬರುತ್ತೀರಿ. ಬಂದಾಗಲೆಲ್ಲ ನೀರು ಹಾಕುವ ಕೈ ಮುಂದೆ ಹೋಗುತ್ತದೆ. ತಡೆಯಿರಿ. ಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗೆ ತೂರಿಸಿ. ತಂಪಾಗಿ, ಅಂಟಿದರೆ ಚೊಂಬು ಕೆಳಗಿಡಿ. ನೀರಿಲ್ಲದೆ ಸಾಯುವ ಗಿಡ ಎಷ್ಟೋ, ಮೊದಲ ತಿಂಗಳಲ್ಲಿ ಪ್ರೀತಿಯಿಂದ ಕೊಳೆಯುವ ಗಿಡ ಅದಕ್ಕಿಂತ ಹೆಚ್ಚು.

ಇಪ್ಪತ್ತೆಂಟನೆಯ ದಿನ ಬೆಳಿಗ್ಗೆ ಮೆಂತ್ಯೆ ಕೀಳುತ್ತೀರಿ. ಬುಡ ಹಿಡಿದು ಎಳೆದಾಗ ಬೇರು ಮಣ್ಣು ಬಿಡುವ ಸಣ್ಣ ಸದ್ದು ಬೆರಳಿಗೆ ಕೇಳಿಸುತ್ತದೆ. ತೊಳೆದ ನೀರು ಮತ್ತೆ ಕೊಡಕ್ಕೆ. ಹೆಚ್ಚುವುದೇ ಇಲ್ಲ, ಉಳ್ಳಾಗಡ್ಡಿ, ಗುರೆಳ್ಳಿನ ಹಿಂಡಿ, ಒಂದು ಚಮಚ ಮೊಸರು, ಬಿಸಿ ಜೋಳದ ರೊಟ್ಟಿಯ ಮೇಲೆ ಹಸಿಯಾಗಿಯೇ. ಮೊದಲ ತುತ್ತಿಗೆ ಕಹಿ, ಅಗಿದಂತೆ ಹಿಂದಿನಿಂದ ಒಂದು ಸಿಹಿ. ಮನೆಯವರು ಮಾತಾಡುತ್ತಿಲ್ಲ. ತಾಟು ಖಾಲಿಯಾಗುತ್ತಿದೆ.

ಚಳಿಗಾಲ ಬೇಗ ಕಳೆಯುತ್ತದೆ. ಮುಳಗಾಯಿ ಚಿಗುರಿಗೆ ಜಿಗಿ ಹತ್ತುತ್ತದೆ. ಲೀಟರಿಗೆ 50 ಗ್ರಾಂ ಬೇವಿನ ಬೀಜ ಜಜ್ಜಿ ರಾತ್ರಿ ನೆನೆಹಾಕಿ, ಸೋಸಿ, ಸಂಜೆ ಎಲೆಯ ಅಡಿಗೆ ಸಿಂಪಡಿಸುತ್ತೀರಿ, ಎರಡು ದಿನ ಬಾಯಿಯೆಲ್ಲ ಕಹಿ. ಒಂದು ವಾರ ಬೋರಿನ ನೀರು ಹಾಕಿದ್ದಕ್ಕೆ ಮಣ್ಣಿನ ಮೇಲೆ ಬಿಳಿ ಸವಳು ಮೂಡಿದೆ. ಅದನ್ನು ಕೆರೆದು, ನಳದ ನೀರು ಬಂದ ದಿನ ತಳದಿಂದ ಹರಿಯುವಷ್ಟು ಹೊಯ್ಯುತ್ತೀರಿ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಲು ಹೋಗಿ ಬಂದವರು ಉಳಿದ ಒಂದು ಹಿಡಿಯನ್ನು ಮಾಳಿಗೆಯ ಹನ್ನೊಂದು ಡಬ್ಬಿಗೂ ಚೆಲ್ಲುತ್ತೀರಿ. ಟೊಮೆಟೊ ಬುಟ್ಟಿ ತುಂಬುತ್ತದೆ. ಇಷ್ಟೇ ಇದ್ದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಏಪ್ರಿಲ್.

ಮಧ್ಯಾಹ್ನ ಎರಡು ಗಂಟೆ, 41 ಡಿಗ್ರಿ. ಚಪ್ಪಲಿಯ ಅಟ್ಟೆ ದಾಟಿ ಮಾಳಿಗೆಯ ಶಾಖ ಅಂಗಾಲಿಗೆ ತಾಗುತ್ತಿದೆ. ನಾಲಿಗೆ ಅಂಗುಳಿಗೆ ಅಂಟಿದೆ. ನಳ ಬಂದು ಆರು ದಿನವಾಯಿತು. ಬ್ಯಾರಲ್ಲಿನ ತಳ ಕಾಣುತ್ತಿದೆ, ಮನೆಯಲ್ಲಿ ಅಕ್ಕಿ ತೊಳೆಯುವ ನೀರೂ ಅರ್ಧಕ್ಕೆ ಇಳಿದಿದೆ. ಎರಡು ಕೊಡ ಹೋಗಿ ಇವತ್ತು ಮುಕ್ಕಾಲು ಕೊಡ. ಹಳೆಯ ಸೀರೆ ಕಟ್ಟಿ ನೆರಳು ಮಾಡಿದ್ದೀರಿ, ಜೋಳದ ಕಣಕಿ ಕೊಚ್ಚಿ ಮಣ್ಣಿನ ಮೇಲೆ ಹೊದಿಸಿದ್ದೀರಿ, ಡಬ್ಬಿಗಳನ್ನು ನೀರಿನ ಟಾಕಿಯ ಮೂಡಣ ಮಗ್ಗುಲಿಗೆ ಒತ್ತೊತ್ತಾಗಿ ಎಳೆದು ತಂದಿದ್ದೀರಿ. ಆದರೂ ಎಲೆಗಳು ಜೋತು ಬಿದ್ದಿವೆ. ಈ ನಗರ ಇಂಥ ಬೇಸಿಗೆಯನ್ನು ಲೆಕ್ಕದಿಂದಲೇ ದಾಟಿ ಬಂದಿದೆ: ಹಿಂದಿನ ಅರಸರು ತೊರವಿಯಿಂದ ನೆಲದೊಳಗೆ ಸುರಂಗದಲ್ಲಿ ನೀರು ತಂದರು, ಒತ್ತಡ ಹಿಡಿಯಲು ಗಂಜ್ ಎಂಬ ಗೋಪುರಗಳನ್ನು ನಿಲ್ಲಿಸಿದರು, 1620ರಲ್ಲಿ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ತಾಜಬಾವಡಿ ಎಂಬ ದೊಡ್ಡ ಬಾವಿ ಕಟ್ಟಿಸಿದ. ನಿಮ್ಮ ಕೈಯಲ್ಲಿರುವುದು ಮುಕ್ಕಾಲು ಕೊಡ.

ಹನ್ನೊಂದಕ್ಕೂ ಒಂದೊಂದು ಚೊಂಬು ಹಂಚಿದರೆ? ಹನ್ನೊಂದೂ ಇವತ್ತು ಅರೆಜೀವ, ನಾಡಿದ್ದು ಎಲ್ಲವೂ ಸಾಯುತ್ತವೆ. ಟೊಮೆಟೊ ಹತ್ತಿರ ಹೋಗಿ. ಹೂ ಮುಟ್ಟಿದರೆ ಉದುರುತ್ತದೆ; ಈ ಬಿಸಿಗೆ ಅದು ಕಾಯಿ ಕಟ್ಟುವುದಿಲ್ಲ. ತಿಂಗಳುಗಟ್ಟಲೆ ಉಣಿಸಿದ ಗಿಡ ಅದು. ಅದರ ಎಲೆ ಬೆರಳಿಗೆ ಹಚ್ಚುವ ಆ ಹಸಿರು ಘಾಟು ನಿಮಗೆ ಈಗ ಮಗುವಿನ ತಲೆಯ ವಾಸನೆಯಷ್ಟು ಪರಿಚಿತ. ಮೂರು ಟೊಮೆಟೊ, ಹೂಬಿಟ್ಟ ಕೊತ್ತಂಬರಿ, ಒಣಗುತ್ತಿರುವ ರಾಜಗಿರಿ. ರಾಜಗಿರಿಯಲ್ಲಿ ಬೀಜ ಬಲಿತಿದೆ, ತೆನೆ ಮುರಿದು ಸೆರಗಿಗೋ ಜೇಬಿಗೋ ಹಾಕಿಕೊಳ್ಳಿ. ಆಮೇಲೆ ಈ ಐದನ್ನೂ ಕಿತ್ತುಬಿಡಿ. ಕೈ ನಡುಗುತ್ತದೆ. ನಡುಗಲಿ.

ಉಳಿದದ್ದು ಮೂರು ಮುಳಗಾಯಿ, ಎರಡು ಪುಂಡಿ, ಒಂದು ಕರಿಬೇವು. ಆರು.

ಈಗ ಕತ್ತರಿ. ಮುಳಗಾಯಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಿದ್ದೀರಿ. ಜೇಬಿನಲ್ಲಿಟ್ಟ ಮಾವನ ಮಾತು ತೆಗೆಯಿರಿ. ಎಷ್ಟು ಕಣ್ಣೋ ಅಷ್ಟು ಬಾಯಿ. ಅಗಲವಾದ ಒಂದೊಂದು ಎಲೆಯೂ ಈ ಬಿಸಿಲಿಗೆ ನೀರು ಉಗಿಯುತ್ತಿದೆ. ಬುಡದಿಂದ ಒಂದು ಗೇಣು ಬಿಟ್ಟು, ಒಂದು ಕಣ್ಣಿನ ಮೇಲೆ ಕತ್ತರಿ ಇಡಿ. ಚಕ್. ನಿಮ್ಮದೇ ಬೆರಳು ಹೋದಂತೆ ಒಮ್ಮೆ ಕಣ್ಣು ಮುಚ್ಚುತ್ತೀರಿ. ಚಕ್. ಚಕ್. ಮೂರು ಮೋಟು ಬೊಡ್ಡೆಗಳು ಉಳಿದಿವೆ. ಕತ್ತರಿಸಿದ ಎಲೆಯನ್ನೇ ಬುಡಕ್ಕೆ ಹೊದಿಸಿ, ಸೂರ್ಯ ಇಳಿದ ಮೇಲೆ ಮುಕ್ಕಾಲು ಕೊಡವನ್ನು ಆರಕ್ಕೆ ಹಂಚುತ್ತೀರಿ. ಮಣ್ಣು ಸೊರ್ ಎಂದು ಎಳೆದುಕೊಳ್ಳುತ್ತದೆ.

ಒಂಬತ್ತನೆಯ ದಿನ ನಸುಕಿನಲ್ಲಿ ಬೊಡ್ಡೆಯ ಪಕ್ಕ ಅಕ್ಕಿಕಾಳಿನಷ್ಟು ಒಂದು ನೇರಳೆ ಚುಕ್ಕೆ. ಉಗುರಿನಿಂದ ಮುಟ್ಟಬೇಡಿ. ಮಿರಗ ಮಳೆ ಬೀಳುವ ಹೊತ್ತಿಗೆ ಅದು ಮೊಳಕಾಲೆತ್ತರ ಬಂದಿದೆ, ಜುಲೈನಲ್ಲಿ ನೀವು ಆ ಮೂರು ಗಿಡಗಳಿಂದ ಎಣ್ಣೆಗಾಯಿಗೆ ಸಾಲುವಷ್ಟು ಕಾಯಿ ಕಿತ್ತಿದ್ದೀರಿ. ಖಾಲಿಯಾದ ಐದು ಡಬ್ಬಿಗಳ ಹಳೆಯ ಮಣ್ಣನ್ನು ಬಿಸಿಲಿಗೆ ಹರಡಿ ಒಣಗಿಸಿದ್ದಾಗಿದೆ, ಅದಕ್ಕೆ ಹೊಸ ಗೊಬ್ಬರ ಬೆರೆಸುವುದಷ್ಟೇ ಬಾಕಿ. ರಾಜಗಿರಿ ಬೀಜ ಬೂದಿ ಸವರಿಸಿಕೊಂಡು ನಿಮ್ಮದೇ ಗಂಟಿನಲ್ಲಿದೆ.

ನೀವಿನ್ನೂ ಶುರು ಮಾಡಿಲ್ಲದಿದ್ದರೆ, ನಾಳೆ ಬೆಳಿಗ್ಗೆ ಬೇಳೆ ತೊಳೆದ ನೀರನ್ನು ಮೋರಿಗೆ ಚೆಲ್ಲಬೇಡಿ. ಪಕ್ಕಕ್ಕೆ ಒಂದು ಕೊಡ ಇಡಿ, ಏಳು ದಿನ ಅಳೆಯಿರಿ. ಆ ಲೆಕ್ಕ ಕೈಗೆ ಬಂದ ಮೇಲೆ ಡಬ್ಬಿ ತನ್ನಿ. ತಂದ ದಿನವೇ, ಕತ್ತಲಾಗಲಿ ಬೆರಳು ಸುಡಲಿ, ಎಲ್ಲದಕ್ಕೂ ತೂತು ಕೊರೆಯಿರಿ.